ನಿಮಗಿದು ಗೊತ್ತೇ? ಬ್ಯಾಟರಿಯೇ ಇಲ್ಲ, ಕಿಡಿ ಮಾತ್ರ ಜೋರು!

ಹಳೇ ಹುಲ್ಲು ಕತ್ತರಿಸುವ ಯಂತ್ರದಲ್ಲಿ ಬ್ಯಾಟರಿ ಎಲ್ಲಿದೆ, ಹುಡುಕಿ ನೋಡೋಣ. ಸಿಗುವುದಿಲ್ಲ! ಹಗ್ಗ ಎಳೆದರೆ ಫ್ಲೈವೀಲ್ ತಿರುಗುತ್ತದೆ. ಅದರಲ್ಲಿ ಕೂರಿಸಿದ ಅಯಸ್ಕಾಂತ ಇಗ್ನಿಷನ್ ಕಾಯಿಲ್ ಪಕ್ಕ ಸರ್ರನೆ ಹಾಯುತ್ತದೆ. ಅಷ್ಟಕ್ಕೇ ಹತ್ತು ಸಾವಿರ ವೋಲ್ಟಿಗೂ ಮೇಲೆ! ನಿಮ್ಮ ಮನೆಗೆ ಬರುವುದು ಬರೀ 230.

ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1830ರ ಆಗಸ್ಟಿನಲ್ಲಿ. ಸರಿಯಾಗಿ ಮರುವರ್ಷದ ಆಗಸ್ಟಿನಲ್ಲಿ ಅದೇ ದೇಶದ ಮೈಕೆಲ್ ಫ್ಯಾರಡೆ ಕಬ್ಬಿಣದ ಬಳೆಗೆ ಎರಡು ತಂತಿ ಸುತ್ತಿ ಒಂದು ಪ್ರಯೋಗ ಮಾಡಿದರು. ಇಂದಿನ ಕಾಯಿಲ್‌ಗೆ ಆ ಬಳೆಯೇ ಮುತ್ತಜ್ಜ!

ಕೆಲವು ಕಾಯಿಲ್‌ಗಳದು ವಿಚಿತ್ರ ಕಾಯಿಲೆ. ತಣ್ಣಗಿದ್ದಾಗ ಒಂದೇ ಎಳೆತಕ್ಕೆ ಎಂಜಿನ್ ಶುರು. ಅರ್ಧ ಗಂಟೆಗೆ ಗಪ್‌ಚುಪ್. ಕಾಫಿ ಕುಡಿದು ಬನ್ನಿ, ಮತ್ತೆ ಶುರು! ಒಳಗಿನ ಕೂದಲೆಳೆಯಂಥ ತಂತಿ ಎಲ್ಲೋ ತುಂಡಾಗಿರುತ್ತದೆ. ಕಾದಾಗ ಬಿರುಕು ಬಾಯಿಬಿಡುತ್ತದೆ, ತಣಿದಾಗ ಕೂಡಿಕೊಳ್ಳುತ್ತದೆ. ಇಂಥದ್ದಕ್ಕೆ ಹೊಸ ಕಾಯಿಲ್ಲೇ ಗತಿ.

ಆದರೆ ‘ಸತ್ತ’ ಕಾಯಿಲ್ ಎಷ್ಟೋ ಸಲ ಸತ್ತೇ ಇರುವುದಿಲ್ಲ! ಎಂಜಿನ್ ಆಫ್ ಮಾಡುವ ಒಂದು ಸಣ್ಣ ವೈರಿದೆ. ಅದು ಎಂಜಿನ್ನಿನ ಮೈಗೆ ತಾಗಿದರೆ ಕಿಡಿ ಬಂದ್. ಇಲಿ ಕಡಿದೋ, ಸವೆದೋ ಸಿಪ್ಪೆ ಹೋದರೆ ಎಂಜಿನ್ ಸದಾ ಆಫ್! ಪಾಪ, ಬೈಗುಳ ಮಾತ್ರ ಕಾಯಿಲ್‌ಗೆ.

1982ಕ್ಕಿಂತ ಹಿಂದಿನ ಬ್ರಿಗ್ಸ್ ಅಂಡ್ ಸ್ಟ್ರಾಟನ್ ಎಂಜಿನ್ನೇ? ಹಾಗಾದರೆ ಫ್ಲೈವೀಲ್ ಅಡಿಯಲ್ಲಿ ಪುಟಾಣಿ ‘ಪಾಯಿಂಟ್’, ಅಂದರೆ ಕಿಡಿಯ ಸ್ವಿಚ್ಚು, ಇರುತ್ತದೆ. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದರೆ ಅದಕ್ಕೆ ಕಿಲುಬು. ನಯವಾಗಿ ಉಜ್ಜಿ ಒರೆಸಿದರೆ ಸಾಕು, ಎಷ್ಟೋ ಎಂಜಿನ್‌ಗಳಿಗೆ ಜೀವ ಬಂದುಬಿಡುತ್ತದೆ!

ಈಗ ನನಗೆ ಬಲು ಇಷ್ಟವಾದದ್ದು. ಕಾಯಿಲ್‌ಗೂ ಫ್ಲೈವೀಲ್‌ಗೂ ನಡುವೆ ಇರಬೇಕಾದ ಸಂದು ಎಷ್ಟು ಗೊತ್ತೇ? ಹೆಚ್ಚುಕಮ್ಮಿ ಕಾಲು ಮಿಲಿಮೀಟರ್! ಅದನ್ನು ಅಳೆಯುವ ಸಾಧನ ನಿಮ್ಮ ಜೇಬಿನಲ್ಲೇ ಇದೆ: ವಿಸಿಟಿಂಗ್ ಕಾರ್ಡ್! ಮೊದಲು ಕಾಯಿಲ್‌ನ ಕಬ್ಬಿಣದ ಕಾಲುಗಳ ತುಕ್ಕನ್ನು ಮರಳು ಕಾಗದದಿಂದ ಉಜ್ಜಿ. ಸ್ಪಾರ್ಕ್ ಪ್ಲಗ್ಗಿನ ಟೋಪಿ ಕಳಚಿರಲಿ. ಅಯಸ್ಕಾಂತವನ್ನು ಕಾಯಿಲ್ ಎದುರಿಗೆ ತನ್ನಿ. ನಡುವೆ ಕಾರ್ಡ್ ಇಟ್ಟು ಸ್ಕ್ರೂ ಸಡಿಲಿಸಿ. ಟಪ್! ಅಯಸ್ಕಾಂತವೇ ಕಾಯಿಲನ್ನು ಎಳೆದುಕೊಂಡು ಸರಿಯಾಗಿ ಕೂರಿಸುತ್ತದೆ. ಸ್ಕ್ರೂ ಬಿಗಿ ಮಾಡಿ ಫ್ಲೈವೀಲ್ ತಿರುಗಿಸಿ. ಕಾರ್ಡ್ ತಾನಾಗಿ ಜಾರಿ ಕೈಗೆ ಬರುತ್ತದೆ, ಒಂದಿಷ್ಟು ಮಸಿ ಮೆತ್ತಿಕೊಂಡು!