ಗುಲಾಬಿ ಗಾಜಿಗೆ ಪ್ಲಾಟಿನಂ ಕಾಟ

ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಟಿನಂ ಚೂರು ಅದು. 42 ಕಿಲೋ ತೂಗುವ ಗಾಜಿನ ಹಲಗೆಯೊಳಗೆ ಅಡಗಿ ಕೂತರೆ ವರ್ಷಗಟ್ಟಲೆ ಸುಮ್ಮನೇ ಇರುತ್ತದೆ. ಪ್ರಖರ ಲೇಸರ್ ಬೆಳಕು ಹಾಯ್ದರೆ ಮಾತ್ರ ಕ್ಷಣದಲ್ಲಿ ಆವಿಯಾಗಿ ಸುತ್ತಲಿನ ಗಾಜನ್ನು ಬಿರಿಸುತ್ತದೆ. ಮತ್ತೆ ಮತ್ತೆ ಬೆಳಕು ಬಿಟ್ಟಂತೆ ಬಿರುಕು ಬೆಳೆಯುತ್ತದೆ. ಫಾಸ್ಫೇಟ್ ಗಾಜಿನ ಲೋಕಕ್ಕೆ ನನ್ನನ್ನು ಎಳೆದು ತಂದದ್ದು ಈ ಚೂರೇ.

ಕ್ಯಾಲಿಫೋರ್ನಿಯಾದ ಲಾರೆನ್ಸ್ ಲಿವರ್ಮೋರ್ ಪ್ರಯೋಗಾಲಯದ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿಯಲ್ಲಿ ಇಂಥ ಹಲಗೆಗಳು ಮೂರು ಸಾವಿರಕ್ಕೂ ಹೆಚ್ಚಿವೆ. ಒಂದೊಂದೂ ಸುಮಾರು 81 ಸೆಂ.ಮೀ. ಉದ್ದ, 46 ಸೆಂ.ಮೀ. ಅಗಲ. 192 ಲೇಸರ್ ಕಿರಣಗಳು ಬಲ ಪಡೆಯುವುದು ಇವುಗಳಿಂದ. 2022ರ ಡಿಸೆಂಬರ್ 5ರಂದು ಅಲ್ಲಿ 2.05 ಮೆಗಾಜೂಲ್ ಲೇಸರ್ ಶಕ್ತಿಗೆ 3.15 ಮೆಗಾಜೂಲ್ ಪರಮಾಣು ಬೀಜ ಸಮ್ಮಿಲನ ಶಕ್ತಿ ಹೊರಬಂದಾಗ ಜಗತ್ತೇ ಹೊಗಳಿತು. ಗಾಜು ಕರಗಿಸಿದವರನ್ನು ನೆನೆದವರು ಕಡಿಮೆ.

ಗಾಜಿನ ಲೇಸರನ್ನು 1961ರಲ್ಲಿ ಮೊದಲು ತೋರಿಸಿದವನು ಅಮೆರಿಕದ ಇಲಿಯಾಸ್ ಸ್ನಿಟ್ಜರ್. ಆಗ ಬಳಸಿದ್ದು ಸಿಲಿಕೇಟ್ ಗಾಜು. ಫಾಸ್ಫೇಟ್ ಗಾಜು, ಬೆಳಕಿಗೆ ಬಲ ತುಂಬುವ ನಿಯೋಡಿಮಿಯಂ ಅನ್ನು ಧಾರಾಳವಾಗಿ ಕರಗಿಸಿಕೊಳ್ಳುತ್ತದೆ, ತೀವ್ರ ಬೆಳಕು ತನ್ನೊಳಗೇ ಗುಂಪುಗೂಡಿ ಹಾನಿ ಮಾಡುವುದಕ್ಕೆ ಅಷ್ಟಾಗಿ ಎಡೆಗೊಡುವುದಿಲ್ಲ. ಹೀಗಾಗಿ ಕ್ರಮೇಣ ಅದೇ ಗೆದ್ದಿತು. ನಿಯೋಡಿಮಿಯಂ ಸೇರಿದ ಈ ಗಾಜು ಬಿಸಿಲಲ್ಲಿ ಗುಲಾಬಿ-ನೇರಳೆ, ಟ್ಯೂಬ್‌ಲೈಟ್ ಕೆಳಗೆ ನೀಲಿ.

ಆದರೆ ಸ್ವಭಾವ ನಾಜೂಕು. ಸಿಲಿಕೇಟ್ ಗಾಜಿನಲ್ಲಿ ಸಿಲಿಕಾನಿನ ಸುತ್ತಲಿನ ನಾಲ್ಕು ಮೂಲೆಗಳೂ ನೆರೆಯವರ ಕೈ ಹಿಡಿಯಬಲ್ಲವು. ಫಾಸ್ಫೇಟ್ ಗಾಜಿನಲ್ಲಿ ರಂಜಕದ ಒಂದು ಮೂಲೆ ಜೋಡಿಬಂಧದಲ್ಲಿ ಸಿಕ್ಕಿಕೊಂಡು ಒಂಟಿಯಾಗಿ ಉಳಿಯುತ್ತದೆ. ಜಾಲ ಸಡಿಲ. ಆದ್ದರಿಂದ ಬಹುಪಾಲು ಫಾಸ್ಫೇಟ್ ಗಾಜು ಬೇಗ ಮೆದುವಾಗುತ್ತದೆ, ಬಿಸಿಗೆ ಕಿಟಕಿ ಗಾಜಿಗಿಂತ ಹೆಚ್ಚು ಹಿಗ್ಗುತ್ತದೆ, ತೇವ ಹೀರುತ್ತದೆ. ಜೊತೆಗೆ ಹರಳುಗಟ್ಟುವ ಭಯ: ಗಾಜು-ಪಿಂಗಾಣಿ ಮಾಡುವವರು ಬೇಕೆಂದೇ ಒಳಗೆ ಹರಳು ಬೆಳೆಸುತ್ತಾರೆ. ಲೇಸರ್ ಗಾಜಿನವರಿಗೆ ಒಂದು ಹರಳೂ ಆಗದು. ಈ ಜಾಲಗಳ ಒಳಗುಟ್ಟಿನಲ್ಲಿ ಆಸಕ್ತಿ ಇದ್ದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದುಡಿದ ಕೆ.ಜೆ. ರಾವ್ ಅವರು ಗಾಜಿನ ರಚನೆಯ ರಸಾಯನಶಾಸ್ತ್ರದ ಮೇಲೆ 2002ರಲ್ಲಿ ತಂದ ದಪ್ಪ ಗ್ರಂಥವನ್ನು ನೋಡಬಹುದು.

ಇನ್ನು ಪ್ಲಾಟಿನಂ. ಕರಗಿದ ಫಾಸ್ಫೇಟ್ ಮಣ್ಣಿನ ಮೂಸೆಯನ್ನೇ ತಿಂದುಹಾಕುತ್ತದೆ, ತಿಂದದ್ದೆಲ್ಲ ಗಾಜಿಗೇ ಸೇರುತ್ತದೆ. ಅದಕ್ಕೆಂದು ಪ್ಲಾಟಿನಂ ಪಾತ್ರೆ. ಆ ಪಾತ್ರೆಯೂ ನಂಬಿಗಸ್ತನಲ್ಲ: ಕಾದಾಗ ಕಣಕಣವಾಗಿ ಗಾಜಿಗೆ ಇಳಿಯುತ್ತದೆ. 1980ರ ದಶಕದಲ್ಲಿ ಲಿವರ್ಮೋರಿನ ನೋವಾ ಲೇಸರ್ ಶುರುವಾದಾಗ, ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ, ದುಬಾರಿ ಗಾಜಿನ ತುಂಬ ಚುಕ್ಕಿ ಹಾನಿ ಕಾಣಿಸಿತು. ಸೋಸುವ ಹಾಗಿಲ್ಲ, ಪಾತ್ರೆ ಬಿಡುವ ಹಾಗೂ ಇಲ್ಲ. ಕರಗಿದ ಗಾಜಿಗೆ ಆಮ್ಲಜನಕ ಹೆಚ್ಚಾಗಿ ಸಿಗುವಂತೆ ಮಾಡಿದರು. ಆಗ ಲೋಹದ ಚೂರು ಅಯಾನುಗಳಾಗಿ ಗಾಜಿನಲ್ಲೇ ಕರಗಿಹೋಯಿತು. ಪ್ಲಾಟಿನಂ ಎಲ್ಲೂ ಹೋಗಲಿಲ್ಲ, ಬರೀ ತಂಟೆ ಬಿಟ್ಟಿತು. ನೋವಾದ ಗಾಜನ್ನು ಬದಲಿಸಲಾಯಿತು. ಈ ಸಣ್ಣ ಉಪಾಯ ಇಲ್ಲದಿದ್ದರೆ 2022ರ ಆ ದಿನ ಬರುತ್ತಿತ್ತೇ ಎಂಬ ಅನುಮಾನ ನನಗಿದೆ.

ನೀರಿನದು ಇನ್ನೊಂದು ರಗಳೆ. ಗಾಜಿನಲ್ಲಿ ಉಳಿದ ತೇವ ನಿಯೋಡಿಮಿಯಂ ಕೂಡಿಟ್ಟ ಶಕ್ತಿಯನ್ನು ಕದಿಯುತ್ತದೆ; ಅನಿಲದ ಗುಳ್ಳೆ ಹಾಯಿಸಿ ಒಣಗಿಸಬೇಕು. ಮೊದಲು ಒಂದೊಂದೇ ಮೂಸೆಯಲ್ಲಿ ಎರಕ ಹೊಯ್ಯುತ್ತಿದ್ದರು. ಮೂರು ಸಾವಿರ ಹಲಗೆಗೆ ಅದು ಸಾಲದು ಎಂದು ಪೆನ್ಸಿಲ್ವೇನಿಯಾದ ಡುರ್ಯೆಯಲ್ಲಿ ಶಾಟ್, ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಹೋಯಾ ಕಂಪನಿಗಳು ನಿರಂತರ ಕುಲುಮೆ ಕಟ್ಟಿದವು. ಒಂದು ಕಡೆ ಪುಡಿ ಸುರಿದರೆ ಇನ್ನೊಂದು ಕಡೆಯಿಂದ ಗುಲಾಬಿ ಗಾಜಿನ ಪಟ್ಟಿ ತಡೆಯಿಲ್ಲದೆ ಹೊರಬರುತ್ತಿತ್ತು. ಕತ್ತರಿಸಿದ ಹಲಗೆಯನ್ನು ಲೇಸರ್‌ನಿಂದಲೇ ಶೋಧಿಸಿ, ಕಲ್ಲು ಉಳಿದಿದೆಯೇ ಎಂದು ನೋಡುತ್ತಿದ್ದರು.

ಕೋಲ್ಕತ್ತಾದ ಕೇಂದ್ರೀಯ ಗಾಜು ಮತ್ತು ಪಿಂಗಾಣಿ ಸಂಶೋಧನಾ ಸಂಸ್ಥೆಯೂ ನಿಯೋಡಿಮಿಯಂ ಫಾಸ್ಫೇಟ್ ಗಾಜು ಕರಗಿಸಿದೆ. ನಮ್ಮಲ್ಲೂ ಈ ವಿದ್ಯೆ ಬೇರೂರಲಿ ಎಂಬ ಆಸೆ ಸಹಜ. ಕಷ್ಟವೆಂದರೆ, ಒಳ್ಳೆಯ ಹಲಗೆ ದಶಕಗಳ ಕಾಲ ಬಾಳುತ್ತದೆ. ದೊಡ್ಡ ಆರ್ಡರ್ ಮುಗಿದ ಮೇಲೆ ಇನ್ನೊಂದು ಬರುವಷ್ಟರಲ್ಲಿ ಕುಲುಮೆಯ ಮುಂದೆ ನಿಂತವರಿಗೆ ನಿವೃತ್ತಿಯಾಗಿರುತ್ತದೆ.