ಸೋಲನ್ನು ಲೆಕ್ಕಕ್ಕಿಟ್ಟು ಕಟ್ಟುವ ಕೋಟೆ

ಅಮೆರಿಕದ ಸೋದರರಾದ ಟಾರ್ನ್ ಆಡಮ್ಸ್ ಮತ್ತು ಜ್ಯಾಕ್ ಆಡಮ್ಸ್ 2002ರಲ್ಲಿ ರೂಪಿಸಲು ತೊಡಗಿ 2006ರಲ್ಲಿ ಸಾರ್ವಜನಿಕರ ಮುಂದಿಟ್ಟ 'ಡ್ವಾರ್ಫ್ ಫೋರ್ಟ್ರೆಸ್' ಎಂಬ ಕಂಪ್ಯೂಟರ್ ಆಟದಲ್ಲಿ ಗೆಲುವಿಗೆ ಗೊತ್ತುಪಡಿಸಿದ ಗುರಿಯೇ ಇಲ್ಲ. ಏಳು ಮಂದಿ ಕುಬ್ಜರು ನೆಲವನ್ನು ಕೊರೆದು ನೆಲೆ ಹೂಡುತ್ತಾರೆ, ವಲಸಿಗರು ಬಂದು ಸೇರಿದಂತೆ ಊರು ಬೆಳೆಯುತ್ತದೆ, ಕೊನೆಗೆ ಕೋಟೆ ಬೀಳುತ್ತದೆ ಇಲ್ಲವೇ ಆಟಗಾರರೇ ಅದನ್ನು ತೊರೆಯುತ್ತಾರೆ. ಹೀಗಾಗಿ ಇಲ್ಲಿ ಕೌಶಲವೆಂದರೆ ಸೋಲು ಎಲ್ಲಿಂದ ಹುಟ್ಟಿ ಎಲ್ಲಿಯವರೆಗೆ ಹರಡಬಲ್ಲದೆಂಬುದನ್ನು ಮೊದಲೇ ಲೆಕ್ಕಹಾಕಿ ಕಟ್ಟುವುದು.

ಕೋಟೆಯ ಪತನಕ್ಕೆ ಶತ್ರುವೇ ಬರಬೇಕೆಂದಿಲ್ಲ, ಒಳಗಿನ ನೀರೇ ಸಾಕು. ಆಟದ ಜಗತ್ತು ಚೌಕಗಳಾಗಿ ವಿಂಗಡವಾಗಿದ್ದು, ಪ್ರತಿ ಚೌಕದ ನೀರಿನ ಆಳವನ್ನು ಗಣಕವು 0ಯಿಂದ 7ರವರೆಗಿನ ಅಂಕೆಯಲ್ಲಿ ಗುರುತಿಸುತ್ತದೆ. ನದಿಯಿಂದ ಸುರಂಗ ತೋಡಿ ಕೆಳಗಿನ ಬಾವಿಗೆ ನೀರು ಹಾಯಿಸಿದರೆ, ಅದು ಒತ್ತಡದ ನಿಯಮದಂತೆ ನದಿಯ ಮಟ್ಟದತ್ತ ಮೇಲೇರಿ, ಬಾವಿಯ ಬಾಯಿಂದ ಉಕ್ಕಿ, ಮಲಗುವ ಕೋಣೆಗಳನ್ನು ತುಂಬುತ್ತದೆ. ತೂಬನ್ನು ಮುಚ್ಚಬೇಕಾದರೆ ಅದಕ್ಕೆ ಜೋಡಿಸಿದ ಸನ್ನೆಯನ್ನು ಕುಬ್ಜನೊಬ್ಬ ನಡೆದುಹೋಗಿ ಎಳೆಯಬೇಕು. ಸನ್ನೆಯ ಕೋಣೆಯೇ ಮುಳುಗಿದ್ದರೆ ಆ ತೂಬು ಇದ್ದೂ ಇಲ್ಲದಂತೆ. ಆದ್ದರಿಂದ ಅನುಭವಿಗಳು ಸುರಂಗವನ್ನು ಒಂದೆಡೆ ಮೂಲೆಯಿಂದ ಮೂಲೆಗೆ ಓರೆಯಾಗಿ ತಿರುಗಿಸುತ್ತಾರೆ, ಏಕೆಂದರೆ ಈ ಆಟದಲ್ಲಿ ಓರೆ ದಾರಿಯ ಮೂಲಕ ನೀರು ಹರಿದರೂ ಒತ್ತಡ ದಾಟುವುದಿಲ್ಲ. ಕೆರೆಯ ಕೋಡಿಯಂತೆ ಇದು ಯಾರ ಎಚ್ಚರವನ್ನೂ ಬೇಡದ ರಕ್ಷಣೆ.

ನೀರಿನಂತೆ ದುಃಖವೂ ಹರಿಯುತ್ತದೆ. ಪ್ರತಿ ಕುಬ್ಜನಿಗೂ ಬಂಧುಗಳು, ಗೆಳೆಯರು, ಮನಸ್ಸಿನ ಸ್ಥಿತಿ ಇರುವುದರಿಂದ, ಒಬ್ಬನ ಸಾವು ಹಲವರನ್ನು ಕಲಕುತ್ತದೆ. ಕಲಕಿದವನೊಬ್ಬ ರೇಗಿ ಇನ್ನೊಬ್ಬನನ್ನು ಹೊಡೆದು ಕೊಂದರೆ ಮತ್ತಷ್ಟು ಮಂದಿ ಶೋಕಕ್ಕೀಡಾಗುತ್ತಾರೆ. ಹೂಳುವವರಿಲ್ಲದೆ ಶವಗಳು ಕೊಳೆತು, ಆ ದುರ್ನಾತ ಉಳಿದವರನ್ನೂ ಕಂಗೆಡಿಸುತ್ತದೆ. ಆಟದ ಹಳೆಯ ಆವೃತ್ತಿಗಳಲ್ಲಿ ಬಲಿಷ್ಠ ಕೋಟೆಗಳೂ ಈ ರೋಷದ ಸುಳಿಗೆ ಸಿಕ್ಕಿ ನಾಶವಾಗುತ್ತಿದ್ದವು.

ಅಮೆರಿಕದ ಸಮಾಜವಿಜ್ಞಾನಿ ಚಾರ್ಲ್ಸ್ ಪೆರೋ 1979ರ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದ ಅವಘಡವನ್ನು ಅಧ್ಯಯನ ಮಾಡಿ 1984ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂಥ ಸರಣಿಗಳನ್ನೇ ವಿವರಿಸಿದ್ದಾರೆ. ವ್ಯವಸ್ಥೆಯೊಂದರ ಭಾಗಗಳು ಊಹೆಗೆ ನಿಲುಕದ ರೀತಿಯಲ್ಲಿ ಪರಸ್ಪರ ಪ್ರಭಾವಿಸುವಂತಿದ್ದು, ಒಂದರ ದೋಷ ಇನ್ನೊಂದಕ್ಕೆ ಬಿಡುವಿಲ್ಲದೆ ದಾಟುವಂತಿದ್ದರೆ, ಅಂದರೆ ಜೋಡಣೆ ಬಿಗಿಯಾಗಿದ್ದರೆ, ಅವಘಡವು ಆ ವ್ಯವಸ್ಥೆಯ ಸಹಜ ಲಕ್ಷಣವೇ ಆಗುತ್ತದೆ ಎಂಬುದು ಅವರ ವಾದ. ಬಿಗಿಯನ್ನು ಸಡಿಲಿಸುವುದೇ ಇದಕ್ಕೆ ಪರಿಹಾರವಾದ್ದರಿಂದ, ಕೋಟೆಯ ವಿವಿಧ ಭಾಗಗಳ ನಡುವೆ ಮುಚ್ಚಬಹುದಾದ ಬಾಗಿಲುಗಳನ್ನಿಡುವುದು, ಧಾನ್ಯ ಮತ್ತು ಮದ್ಯವನ್ನು ಹಲವು ಉಗ್ರಾಣಗಳಲ್ಲಿ ಹಂಚಿಡುವುದು, ಶವಪೆಟ್ಟಿಗೆಗಳನ್ನು ಸಾವಿಗೆ ಮೊದಲೇ ಕಡೆದಿಡುವುದು, ನೀರು ಬಿಡುವ ಮುನ್ನವೇ ಸನ್ನೆಯನ್ನು ಎಳೆದು ತೂಬನ್ನು ಪರೀಕ್ಷಿಸುವುದು ಆಟಗಾರರಿಗೆ ಅಗತ್ಯವಾಗುತ್ತದೆ.

ಇಷ್ಟಾದರೂ ಕೋಟೆ ಬೀಳಬಹುದು. ಆದರೆ ಅದರ ಪಾಳು ಆ ಜಗತ್ತಿನಲ್ಲಿ ಹಾಗೆಯೇ ಉಳಿಯುತ್ತದೆ ಮತ್ತು ಹೊಸ ತಂಡವನ್ನು ಕಳುಹಿಸಿ ಅಲ್ಲಿ ಮತ್ತೆ ನೆಲೆ ಹೂಡಲು ಅವಕಾಶವಿದೆ. ಯಾವ ಗೋಡೆ ಒಡೆಯಿತು, ಯಾವ ಕೋಣೆ ಮುಳುಗಿತು ಎಂಬ ಕುರುಹುಗಳನ್ನು ಅಲ್ಲಿ ಓದಿ ಮುಂದಿನ ನಕ್ಷೆಯನ್ನು ತಿದ್ದುವ ಆಟಗಾರರು, ಅವಘಡದ ಅವಶೇಷಗಳನ್ನು ಜೋಪಾನವಾಗಿ ಪರಿಶೀಲಿಸುವ ತನಿಖಾಧಿಕಾರಿಗಳ ಶಿಸ್ತನ್ನೇ ಅಭ್ಯಾಸ ಮಾಡುತ್ತಾರೆ.