ವೆಲ್ಡಿಂಗ್ ಟೇಬಲ್ ಮಾಡೋ ಮುಂಚೆ ಪೈಪ್ ನೋಡಿ
ಸಿಂಗಾಪುರದ ಪಾಯಾ ಲೆಬಾರ್ ಕಡೆಯ ವರ್ಕ್‌ಶಾಪ್‌ಗಳಲ್ಲಿ ಕೆಲಸ ಕಲಿತು, ಊರಲ್ಲಿ ಸ್ವಂತ ಗ್ಯಾರೇಜ್ ಹಾಕಬೇಕು ಅಂತಿರುವ ನಮ್ಮವರೇ, ವೆಲ್ಡಿಂಗ್ ಟೇಬಲ್ ನೀವೇ ಮಾಡ್ಕೊಳ್ಳಬಹುದು.

ಮೇಲ್ಭಾಗಕ್ಕೆ 10 ಮಿ.ಮೀ. ಎಂ.ಎಸ್. ಪ್ಲೇಟ್ ಹಾಕಿ; ತೆಳು ಶೀಟ್ ಬಿಸಿಗೆ ಡೊಂಕಾಗುತ್ತೆ. 4 ಅಡಿಗೆ 2 ಅಡಿ ಪ್ಲೇಟ್ ಸುಮಾರು 58 ಕೆ.ಜಿ. ತೂಗುತ್ತೆ, ಒಬ್ಬರೇ ಎತ್ತಬೇಡಿ. ಫ್ರೇಮಿಗೆ 50 ಮಿ.ಮೀ. ಚೌಕ ಪೈಪ್. ಮೊದಲು ಟ್ಯಾಕ್ ಹಾಕಿ, ಮೂಲೆಯಿಂದ ಮೂಲೆಗೆ ಎರಡೂ ಅಳತೆ ಸಮ ಬಂದ ಮೇಲೇ ಪೂರ್ತಿ ವೆಲ್ಡ್ ಮಾಡಿ.

ಕಾಸು ಉಳಿಸೋಕೆ ಗುಜರಿಯ ಜಿಐ ಪೈಪ್ ತರ್ತೀರಾ? ಅದರ ಸತುವಿನ ಲೇಪ ಸುಟ್ಟು ಏಳುವ ಬಿಳಿ ಹೊಗೆ ಕುಡಿದರೆ ಕೆಲವು ಗಂಟೆ ಬಿಟ್ಟು ಚಳಿಜ್ವರ, ಮೈಕೈ ನೋವು ಬರುತ್ತೆ. ಹಾಲು ಕುಡಿದರೆ ಇದು ತಪ್ಪಲ್ಲ. ಜಾಯಿಂಟ್ ಹತ್ತಿರ ಲೇಪ ತೆಗೆದು, ಗಾಳಿಯಾಡುವ ಜಾಗದಲ್ಲಿ, ವೆಲ್ಡಿಂಗ್ ಹೊಗೆಗೆಂದೇ ಇರುವ ಮಾಸ್ಕ್ ಹಾಕಿ ಕೆಲಸ ಮಾಡಿ. ಜ್ವರ ಬಂದರೆ ಡಾಕ್ಟರಿಗೆ ವೆಲ್ಡಿಂಗ್ ವಿಷಯ ಮುಚ್ಚಿಡಬೇಡಿ.